ಇನ್ನೊಂದು ಹಸೆ

ನಮ್ಮ ಸೀಮೆಯವರ ಬಾಯಲ್ಲಿ ‘ಹ’ ಅಕ್ಷರ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಸು ಅಸುವಾಗುತ್ತದೆ, ಹೊಳೆನರಸೀಪುರ ಒಳೆನರಸೀಪುರವಾಗುತ್ತದೆ. ಇದರಿಂದ ಯಾರಿಗೂ ತೊಂದರೆಯಾದದ್ದನ್ನು ನಾನು ಕೇಳಿಲ್ಲ, ನಮ್ಮ ನೀಲತ್ತೆಯ ಸಂಸಾರವೊಂದನ್ನು ಬಿಟ್ಟು.

ನಾನಾಗ ಹುಟ್ಟಿರಲಿಲ್ಲ. ಎರಡನೇ ಮಹಾಯುದ್ಧದ ಕಾಲ ಅದು. ಆದರೂ ಈ ಕತೆಯನ್ನು ನಮ್ಮ ಮನೆಯಲ್ಲಿ ಎಷ್ಟು ಸಲ ಎಷ್ಟು ಬಾಯಿಂದ ಕೇಳಿದ್ದೇನೆಂದರೆ, ನಾನೇ ಆ ಬಸ್ಸಿನಲ್ಲಿ ಕೂತಿದ್ದೆನೇನೋ ಅನ್ನಿಸುತ್ತದೆ.

ನೀಲತ್ತೆ ಎಂದರೆ ನೀಲಾಂಬಿಕೆ, ನಮ್ಮಪ್ಪನ ತಂಗಿ. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಗಂಗಾಧರಯ್ಯನವರ ಒಬ್ಬಳೇ ಮಗಳು. ಈ ಗಂಗಾಧರಯ್ಯನವರು ನನ್ನ ತಾತ. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಗಳನ್ನು ಅರಕಲಗೂಡಿನ ಬೆಲ್ಲದ ಮಂಡಿಯ ಪರಮಶಿವಯ್ಯನಿಗೆ ಕೊಟ್ಟಿದ್ದರು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗದೆ, ಕೊನೆಗೊಂದು ದಿನ ಬಸುರಾಗಿ, ನೀಲತ್ತೆ ಹೆರಿಗೆಗೆ ತವರಿಗೆ ಬಂದಳು. ಯುಗಾದಿಯ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಶಾಂತಕುಮಾರಿ ಎಂದು ಹೆಸರಿಟ್ಟರು.

ನಾಮಕರಣಕ್ಕೆ ಬಂದ ಪರಮಶಿವಯ್ಯ ಮಗುವನ್ನು ಎರಡೂ ಅಂಗೈ ಮೇಲೆ ಮಲಗಿಸಿಕೊಂಡು, ಮಂಡಿಯಲ್ಲಿ ಬೆಲ್ಲ ತೂಗಿ ನೋಡುವವರ ಹಾಗೆ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದ.

“ಏನ್ರೀ ಅದು, ಮಗೂನ ತೂಕಕ್ಕೆ ಆಕ್ತೀರಾ?” ಎಂದು ನೀಲತ್ತೆ ಗದರಿದಳು.

“ಇರ್ಲಿ ಬುಡು. ನನ್ ಕೈಗೆ ಗೊತ್ತಿರ್ಬೇಕು,” ಎಂದ. ಹೊರಡುವಾಗ ಹೊಸಿಲ ಮೇಲೆ ನಿಂತು ಇನ್ನೊಂದು ಮಾತು ಹೇಳಿದ: “ಓಸ ಮನೆ ಗ್ವಾಡೆ ಒಣಗಿದ್ ತಕ್ಷಣ ಬಂದು ಕರ್ಕೊಂಡ್ ಓಗ್ತೀನಿ. ಆ ಗೂಡಿಗೆ ಮಾತ್ರ ಇನ್ ನಿಮ್ಮನ್ನ ಕರ್ಕೊಂಡ್ ಓಗಲ್ಲ.”

ಗೂಡು ಎಂದರೆ ಮಂಡಿಯ ಹಿಂದಿನ ಎರಡು ಕೋಣೆಯ ಬಾಡಿಗೆ ಮನೆ. ಬೆಲ್ಲದ ವಾಸನೆಗೆ ಅಲ್ಲಿ ಇರುವೆ ಸಾಲು ತಪ್ಪಿದ ದಿನವಿಲ್ಲ. ಬಸುರಿಯಾಗಿದ್ದಾಗ ನೀಲತ್ತೆಯೇ ಒಂದು ದಿನ ರೇಗಿ, “ಈ ಇರುವೆ ಗೂಡಲ್ಲಿ ಮಗು ಎಂಗ್ರೀ ಮಲಗಿಸ್ಲಿ?” ಎಂದಿದ್ದಳು. ಆಡಿದವಳು ಮರೆತಳು, ಕೇಳಿಸಿಕೊಂಡವನು ಮರೆಯಲಿಲ್ಲ. ಕೋಟೆ ಬೀದಿಯಲ್ಲಿ ಮನೆ ಕಟ್ಟಿಸಲು ಶುರುಮಾಡಿದ.

ಸಿಮೆಂಟು ಯುದ್ಧಕ್ಕೆ ಹೋಗಿತ್ತು. ಹಾಗಾಗಿ ಹಳೆಯ ಕಾಲದಂತೆ ಗಾಣದಲ್ಲಿ ಸುಣ್ಣ, ಮರಳು ಅರೆದು, ಬೆಲ್ಲದ ನೀರು ಬಿಟ್ಟು ಗಾರೆ ಮಾಡಿಸಿದ. ಬೆಲ್ಲಕ್ಕಂತೂ ಅವನ ಮನೆಯಲ್ಲಿ ಬರವಿರಲಿಲ್ಲ. ಗೋಡೆಗೆ ಗಾರೆ ಬಳಿದು ಮುಗಿಸುವುದಕ್ಕೂ ಮುಂಗಾರು ಹಿಡಿಯುವುದಕ್ಕೂ ಸರಿಹೋಯಿತು. ಆಕಾಶವೇ ಒಣಗದೆ ಇರುವಾಗ ಗೋಡೆ ಎಲ್ಲಿಂದ ಒಣಗಬೇಕು?

ಬಾಣಂತನ ಮುಗಿಯಿತು. ಆಷಾಢ ಹೋಯಿತು, ಶ್ರಾವಣ ಹೋಯಿತು. ಅರಕಲಗೂಡಿನಿಂದ ಬರುತ್ತಿದ್ದದ್ದು ಒಂದೇ ಸುದ್ದಿ: ಗೋಡೆ ಒಣಗಿಲ್ಲ. ಹೆಂಡತಿಯನ್ನು ಕರೆಯಲು ಮಾವನ ಮನೆಗೆ ಹೋದ ಗಂಡ ಬರಿಗೈಯಲ್ಲಿ ವಾಪಸು ಬರಬಾರದು ಎಂಬುದು ಅವರ ಮನೆಯ ನಡಾವಳಿ. ಆದ್ದರಿಂದ ಅವನು ಮಧ್ಯೆ ಒಮ್ಮೆಯೂ ಬರಲಿಲ್ಲ. ಕಾಗದವನ್ನೂ ಹಾಕಲಿಲ್ಲ. ಕಾಗದ ಬರೆಯುವುದು ಯಾರಾದರೂ ಸತ್ತಾಗ ಮಾತ್ರ ಎಂದು ನಂಬಿದ್ದ ಜನ ಅವರು.

ಪೇಟೆಬೀದಿಗೆ ಇದು ತಮಾಷೆಯಾಯಿತು. ಯಾರಾದರೂ ಕೊಡುವ ಮಾಲು ಕೊಡದೆ ನಾಳೆ ನಾಡಿದ್ದು ಎಂದರೆ, “ಸರಿ ಬುಡಪ್ಪಾ, ನಿನ್ ಗ್ವಾಡೆ ಒಣಗ್ಲಿ” ಎನ್ನತೊಡಗಿದರು. ತಾತನ ಅಂಗಡಿಯ ಮುಂದೆಯೇ ಹೀಗೆ ಅಂದವನೊಬ್ಬ ಗಜದ ಕೋಲಿನ ಏಟಿನಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. ಆದರೆ ಗೌರಿ ಹಬ್ಬ ಕಳೆಯುವಷ್ಟರಲ್ಲಿ ತಮಾಷೆ ತಣ್ಣಗಾಗಿ ಪಿಸುಮಾತಾಯಿತು. ಹೆಣ್ಣು ಹುಟ್ಟಿತಲ್ಲ, ಅದಕ್ಕೇ ಬರುತ್ತಿಲ್ಲ, ಗೋಡೆ ಎಂಬುದೆಲ್ಲ ನೆಪ ಅಂತ. ಬಾಗಿನ ತೆಗೆದುಕೊಳ್ಳಲು ಬಂದ ಹೆಂಗಸರೇ ಈ ಮಾತು ಆಡಿದರು. ಅವರೆಲ್ಲ ಗಂಡಾಗಿ ಹುಟ್ಟಿದ್ದರೋ ಏನೋ, ನನಗೆ ಗೊತ್ತಿಲ್ಲ.

ನೀಲತ್ತೆಯ ಕಿವಿಗೂ ಅದು ಬಿತ್ತು. ಯಾರ ಮುಂದೆಯೂ ಕಣ್ಣೀರು ಹಾಕಲಿಲ್ಲ. ಮಗುವಿಗೆ ನೀರು ಹಾಕುವಾಗ ಬಚ್ಚಲ ಹೊಗೆಯ ನೆಪದಲ್ಲಿ ಅಳುತ್ತಿದ್ದಳು ಎಂದು ಅಜ್ಜಿ ಗಂಗಾಂಬಿಕೆ ಹೇಳುತ್ತಿದ್ದರು. ಅವಳಿಗೆ ಭಯವಾಗಿತ್ತು. ಮಕ್ಕಳಾಗದ ವರ್ಷಗಳಲ್ಲಿ ಒಂದು ಸಲವೂ ಚುಚ್ಚಿ ಮಾತಾಡದಿದ್ದ ಗಂಡ, ಮಗು ಆದ ಮೇಲೆ ಬೇರೆಯವನಾದನೇ ಎಂಬ ಭಯ.

ಕೊನೆಗೆ ತಾತ, “ಅವ್ನು ಬರ್ದಿದ್ರೆ ಕತ್ತೆ ಬಾಲ, ನಾವೇ ಓಗಿ ಬುಟ್ಬುಟ್ ಬತ್ತೀವಿ” ಎಂದು ಕೆಂಪಣ್ಣನ ಕೈಲಿ ಹೇಳಿಕಳಿಸಿದರು. ಕೆಂಪಣ್ಣ ಅರಕಲಗೂಡಿನ ಕಡೆಯ ಗಾಡಿಯವನು. ಬರುವಾಗ ಬೆಲ್ಲ, ಹೋಗುವಾಗ ಬಟ್ಟೆ ಗಂಟು ಹೇರುತ್ತಿದ್ದ. ಅವನ ಎಡಗಿವಿ ಚಿಕ್ಕಂದಿನಿಂದ ಕೇಳಿಸದು. ಬಲಗಿವಿ ಎತ್ತಿನ ಗಗ್ಗರ ಕೇಳಿ ಕೇಳಿ ಮುಕ್ಕಾಲು ಸವೆದಿತ್ತು.

ಅವನು ಉತ್ತರ ತಂದ ದಿನ ತಾತ ಜಗಲಿಯಲ್ಲಿ ಕೂತಿದ್ದರು. ನೀಲತ್ತೆ ಮಗುವಿಗೆ ವಿಭೂತಿ ಇಡುತ್ತಿದ್ದಳು. ಕೆಂಪಣ್ಣ ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತ.

“ಏನಂದ್ರೋ ಅಳಿಯಂದ್ರು?”

“ಎಂಗ್ ಏಳ್ಲಿ ಸಾ. ಮನೇಲಿ ಇನ್ನೊಂದ್ ಅಸೆ ಐತೆ, ಈಗ್ಲೇ ಬರೋದ್ ಬ್ಯಾಡ ಅಂದ್ರು.”

“ಏನೈತೆ?”

“ಅಸೆ ಸಾ. ನಾನೂ ಎಲ್ಡ್ ಸಲ ಕೇಳ್ದೆ. ಎಲ್ಡ್ ಸಲಾನೂ ಅಂಗೇ ಕೂಗುದ್ರು. ಸುಣ್ಣ ಬಣ್ಣದ್ ಕೆಲ್ಸಾನೂ ನಡೀತೈತೆ ಕಣ್ ಸಾ ಆ ಮನೇಲಿ, ನಾನೇ ನೋಡ್ದೆ.”

ಹಸೆ ಎಂದರೆ ನಮ್ಮಲ್ಲಿ ಮದುವೆಯೇ. ರಂಗೋಲಿ ಬರೆದು, ಅದರ ಮೇಲೆ ಮಣೆ ಹಾಕಿ, ಗಂಡು ಹೆಣ್ಣನ್ನು ಕೂರಿಸುವ ಜಾಗ ಅದು. ಮನೆಗೆ ಸುಣ್ಣ ಬಣ್ಣ ಮಾಡಿಸುವುದೂ ಮದುವೆಗೆ ಮುಂಚೆಯೇ. ಮತ್ತೆ ಇನ್ನೊಂದು ಹಸೆ ಎಂದರೆ ಬಿಡಿಸಿ ಹೇಳಬೇಕಾದ್ದು ಏನಿದೆ? ಆ ಕಾಲದಲ್ಲಿ ಮೊದಲ ಹೆಂಡತಿ ಬದುಕಿರುವಾಗಲೇ ಎರಡನೆಯವಳನ್ನು ತಂದವರು ಬೀದಿಗೊಬ್ಬರಾದರೂ ಇದ್ದರು.

ಅಜ್ಜಿ ಕಂಬ ಹಿಡಿದು ಕೂತುಬಿಟ್ಟರು. ತಾತ ಎದ್ದು ನಿಂತು ಅರಕಲಗೂಡಿನ ಕಡೆಗೆ ಮುಖ ಮಾಡಿ, ಅಳಿಯನ ವಂಶದ ಏಳು ತಲೆಮಾರನ್ನೂ ಹೆಸರು ಹಿಡಿದು ಬೈದರು. “ನಾಳೇನೇ ಮಠಕ್ಕೆ ಓಗ್ತೀನಿ. ಸ್ವಾಮಿಗಳ್ ಮುಂದೆ ಇಡ್ತೀನಿ ನ್ಯಾಯಾನ. ಅವ್ನ ಮಂಡಿ ಬಾಗ್ಲು ಮುಚ್ಚುಸ್ದೆ ಬುಟ್ರೆ ನನ್ನೆಸ್ರು ಗಂಗಾದರಯ್ಯನೇ ಅಲ್ಲ!”

ನೀಲತ್ತೆ ಮಗುವಿನ ಹಣೆಗೆ ವಿಭೂತಿ ಇಟ್ಟು ಮುಗಿಸಿದಳು. ಪಟ್ಟೆ ಸೊಟ್ಟಗಾಗಿತ್ತು. ಅಳಿಸಿ ಮತ್ತೆ ಇಟ್ಟಳು.

“ನ್ಯಾಯ ಆಮೇಲೆ ಇಡೀರಂತೆ ಅಪ್ಪಾಜಿ. ಮೊದ್ಲು ಆ ಅಸೇನ ನನ್ ಕಣ್ಣಾರೆ ನೋಡ್ಬೇಕು. ಅದ್ರ ಮೇಲೆ ಕೂತಿದ್ರೆ ಎಬ್ಬುಸ್ಬೇಕು. ಬೆಳಿಗ್ಗೆ ಬಸ್ಸಿಗೆ ಓಗಾನ ನಡೀರಿ.”

ಅವಳು ನಂಬಿದಳೇ? ಅರ್ಧ ನಂಬಿದಳಂತೆ. ಪೂರ್ತಿ ನಂಬಿದ್ದರೆ ತವರಿನಲ್ಲೇ ಕೂತು ಅಳುತ್ತಿದ್ದೆ, ಪೂರ್ತಿ ನಂಬದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ, ಅರ್ಧ ನಂಬಿದ್ದಕ್ಕೇ ಬಸ್ಸು ಹತ್ತಿದೆ ಎಂದು ಆಮೇಲೆ ಹೇಳುತ್ತಿದ್ದಳು.

ಬಸ್ಸು ಇದ್ದಿಲಿನದು. ಪೆಟ್ರೋಲು ಸಿಗದ ಕಾಲವಾದ್ದರಿಂದ ಹಿಂದೆ ಒಂದು ದೊಡ್ಡ ಹಂಡೆ ಕಟ್ಟಿ, ಇದ್ದಿಲು ಉರಿಸಿ, ಆ ಹೊಗೆಯಲ್ಲೇ ಓಡಿಸುತ್ತಿದ್ದರು. ಏರು ಬಂದಾಗಲೆಲ್ಲ ಅದು ಉಸಿರು ಕಳೆದುಕೊಳ್ಳುತ್ತಿತ್ತು. ಗಂಡಸರು ಇಳಿದು ತಳ್ಳಬೇಕಿತ್ತು. ತಾತನೂ ಇಳಿದು ತಳ್ಳಿದರು. ಅಳಿಯನ ಮೇಲಿದ್ದ ಸಿಟ್ಟನ್ನೆಲ್ಲ ಬಸ್ಸಿನ ಬೆನ್ನಿಗೆ ಹಾಕಿದ್ದರಿಂದ ಅವತ್ತು ಅದು ಎಂದಿಗಿಂತ ಬೇಗ ಅರಕಲಗೂಡು ಸೇರಿತು ಎಂದು ನಮ್ಮಪ್ಪ ತಮಾಷೆ ಮಾಡುತ್ತಿದ್ದರು.

ಮಂಡಿಯ ಬಾಗಿಲು ಹಾಕಿತ್ತು. ವ್ಯಾಪಾರದ ದಿನ ಮಂಡಿ ಮುಚ್ಚಿದೆ ಎಂದರೆ! ತಾತ ಮಗಳ ಮುಖ ನೋಡಿದರು. ಮಗಳು ಕೋಟೆ ಬೀದಿಯ ಕಡೆ ತಿರುಗಿದಳು.

ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣವೇನೂ ಇರಲಿಲ್ಲ. ಒಳಗಿನಿಂದ ಸುತ್ತಿಗೆ ಸದ್ದು ಕೇಳುತ್ತಿತ್ತು. ಹೊಸಿಲ ಮೇಲೆ ಅವಳ ಅತ್ತೆ ಶಿವಗಂಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಸೊಸೆಯನ್ನೂ ಅವಳ ತೋಳಿನಲ್ಲಿದ್ದ ಮಗುವನ್ನೂ ಕಂಡದ್ದೇ ಮೊರ ಕೆಳಗಿಟ್ಟು, ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿ ನಿಂತುಬಿಟ್ಟರು.

“ಅಯ್ಯೋ ಬ್ಯಾಡ ಕಣವ್ವಾ! ಒಳೀಕ್ ಬರ್ಬ್ಯಾಡ! ಬರ್ಬ್ಯಾಡಿ ಅಂತ ಏಳ್ಕಳ್ಸಿದ್ನಲ್ಲ ಅವ್ನು!”

“ನೋಡ್ದಾ? ನೋಡ್ದೇನವ್ವಾ?” ತಾತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. “ಅಟ್ಟಿ ಬಾಗ್ಲಲ್ಲೇ ತಡೀತಾವ್ರೆ ನನ್ ಮಗಳ್ನ!”

ನೀಲತ್ತೆ ಅತ್ತೆಯ ಚಾಚಿದ ಕೈಯ ಅಡಿಯಲ್ಲಿ ಬಗ್ಗಿ ಒಳಗೆ ನುಗ್ಗಿದಳು. ಅತ್ತೆಯ ಎದುರು ಗಟ್ಟಿಯಾಗಿ ಮಾತಾಡಿದವಳಲ್ಲ ಅವಳು. ಅವತ್ತು ಅವಳಿಗೆ ಅದೆಲ್ಲ ನೆನಪಿರಲಿಲ್ಲ.

ನಡುಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪರಮಶಿವಯ್ಯ ಒಬ್ಬನೇ ಪಂಚೆ ಮೇಲೆ ಕಟ್ಟಿ, ಕೈಯಲ್ಲಿ ಸುತ್ತಿಗೆ ಹಿಡಿದು, ಮೈಗೆಲ್ಲ ಸುಣ್ಣ ಮೆತ್ತಿಕೊಂಡು ನಿಂತಿದ್ದ. ಹೆಂಡತಿಯನ್ನು ಕಂಡು ಅವನ ಮುಖ ಅರಳಿತು, ಮರುಗಳಿಗೆಯೇ ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಸಣ್ಣಗಾಯಿತು.

“ಎಲ್ಲೈತೆ ಅಸೆ?” ಎಂದಳು ನೀಲತ್ತೆ.

“ಎಲ್ಲೈತೆ ಅಂದ್ರೆ? ಸುತ್ತ ಎಲ್ಲಾ ಅಸೀನೇ.”

“ಯಾರ್ ಜೊತೇಲಿ?”

“ಯಾರ್ ಜೊತೇಲಿ ಅಂದ್ರೆ… ಗಾರೆಯವ್ನ ಜೊತೇಲಿ. ನಾನೂ ಅವ್ನೂ ಸೇರ್ಕೊಂಡೇ ಬಳುದ್ವಿ.”

“ಗಾರೆಯವ್ನ ಮಗಳಾ!” ಬಾಗಿಲಲ್ಲಿ ನಿಂತಿದ್ದ ತಾತ ಚೀರಿದರು. “ಗಾರೆಯವ್ನ ಮಗಳ್ನ ತತ್ತೀಯೇನ್ಲಾ, ಮನೆಆಳ?”

ಪರಮಶಿವಯ್ಯ ಕಂಗಾಲಾಗಿ ಮಾವನನ್ನೂ ಹೆಂಡತಿಯನ್ನೂ ನೋಡಿದ. “ಯಾವ್ ಮಗಳು ಮಾವಾ? ಅವನ್ಗೆ ಮದ್ವೇನೇ ಆಗಿಲ್ಲ. ಗ್ವಾಡೆ ಅಸಿ ಐತೆ ಅಂದೆ. ಮುಟ್ ನೋಡಿ. ಮನೇಲಿ ಇನ್ನೂ ಅಸಿ ಐತೆ, ಕೂಸಿಗೆ ಶೀತ ಆದಾತು, ಈಗ್ಲೇ ಬರೋದ್ ಬ್ಯಾಡ ಅಂತ ಕೆಂಪಣ್ಣಂಗೆ ಎಲ್ಡ್ ಸಲ ಕೂಗ್ ಕೂಗಿ ಏಳಿದ್ನಲ್ಲಾ!”

ನೀಲತ್ತೆ ಮಗುವನ್ನು ಎಡತೋಳಿಗೆ ಬದಲಾಯಿಸಿಕೊಂಡು ಬಲಗೈಯನ್ನು ಗೋಡೆಗಿಟ್ಟಳು. ಅಂಗೈಗೆ ತಣ್ಣಗೆ ತೇವ ತಾಗಿತು. “ಅಸಿ,” ಎಂದಳು ತನಗೆ ತಾನೇ. “ಇನ್ನೂ ಅಸಿ.”

ತಾತ ಬೈಯಲು ಇಟ್ಟುಕೊಂಡಿದ್ದ ಮಾತೆಲ್ಲ ಹಾಗೇ ಉಳಿದುಹೋಯಿತು. ಮೊದಲು ನಕ್ಕವರು ಶಿವಗಂಗಮ್ಮ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕೂ ನಕ್ಕೂ ಅಕ್ಕಿಯ ಮೊರದ ಪಕ್ಕದಲ್ಲಿ ಕೂತುಬಿಟ್ಟರು. ತಾತನೂ ಕೊನೆಗೆ ಮೀಸೆಯ ಅಡಿಯಲ್ಲಿ ನಕ್ಕರು.

ನೀಲತ್ತೆ ನಗಲಿಲ್ಲ. ಅವಳ ಕಣ್ಣು ನಡುಮನೆಯ ಮಧ್ಯಕ್ಕೆ ಹೋಗಿತ್ತು. ಅಲ್ಲಿ ನೆಲದ ಮೇಲೆ ಮರದ ತೊಟ್ಟಿಲು ಒಂದು ಕಡೆಗೆ ವಾಲಿಕೊಂಡು ಬಿದ್ದಿತ್ತು. ಅದರೊಳಗೆ ಹಳೆಯ ಮೆತ್ತನೆಯ ಪಂಚೆಯಲ್ಲಿ ಸುತ್ತಿದ್ದ ಗಂಟು. ಪಕ್ಕದ ಗೋಡೆಯಲ್ಲಿ ಕೊಳಗದ ಬಾಯಷ್ಟು ಅಗಲ ಗಾರೆ ಕಿತ್ತು, ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಎದುರು ಗೋಡೆಯಲ್ಲೂ ಅಷ್ಟೇ ಅಗಲದ ತೇಪೆ.

“ಇದೇನಿದು?”

ಪರಮಶಿವಯ್ಯ ತಲೆ ಕೆರೆದುಕೊಂಡ. ಹೊಸ ಮನೆಗೆ ಮಂಗಳೂರು ಹಂಚಿನ ಎತ್ತರದ ಮಾಡು. ತೊಲೆ ಕೈಗೆಟುಕದು. ಅದಕ್ಕೆ ಎದುರುಬದುರು ಗೋಡೆಗೆ ಕಬ್ಬಿಣದ ಕೊಂಡಿ ಬಡಿದು, ಅಡ್ಡಕ್ಕೆ ಗಟ್ಟಿ ಬಿದಿರು ಕೂರಿಸಿ, ತೊಟ್ಟಿಲು ತೂಗುಹಾಕಬೇಕೆಂದು ಅವನ ಯೋಚನೆ. ಗೋಡೆ ಒಣಗುವ ತನಕ ಒಂದು ಮೊಳೆಯನ್ನೂ ಬಡಿಯಬಾರದು ಎಂದು ಗಾರೆಯವನು ಹೇಳಿ ಹೋಗಿದ್ದ. ಅದು ಪರಮಶಿವಯ್ಯನಿಗೂ ಗೊತ್ತಿತ್ತು.

“ಗೊತ್ತಿದ್ದೂ ಬಡುದ್ರಾ?”

“ಆಷಾಡ ಕಳೀತಿದ್ದಂಗೆ ಬಡ್ದೆ. ಮೇಲ್ ಮೇಲೆ ಒಣಗಿದಂಗೆ ಕಾಣ್ತು. ಉದುರ್ ಓಯ್ತು. ತಿರ್ಗಾ ಗಾರೆ ಬಳ್ಸುದ್ವಿ, ತಿರ್ಗಾ ಅಸಿ ಆಯ್ತು. ಗೌರಿ ಅಬ್ಬಕ್ಕಾದ್ರೂ ಕರ್ಕೊಂಡ್ ಬರಾನ ಅಂತ ಮತ್ತೆ ಬಡ್ದೆ. ಮತ್ತೆ ಉದುರ್ತು. ನೀವೇ ಬತ್ತೀರಿ ಅಂತ ಕೆಂಪಣ್ಣ ಏಳ್ದ ಮೇಲೆ ಮನಸ್ ತಡೀಲಿಲ್ಲ, ಇವತ್ತು…” ಕಿತ್ತ ಗೋಡೆಯ ಕಡೆ ಸುತ್ತಿಗೆ ತೋರಿಸಿದ. “ಸುಮ್ಕೆ ಬುಟ್ಟಿದ್ರೆ ಇಷ್ಟೊತ್ಗೆ ಒಣಗಿರೋದು.”

“ಒಣಗಿರೋದು ಅಂದ್ರೆ ಏನು, ಬಂಡೆ ಆಗಿರೋದು,” ಎಂದರು ಶಿವಗಂಗಮ್ಮ ಹೊಸಿಲಿನಿಂದ. “ನಾನ್ ಬಡ್ಕೊಂಡೆ, ಮುಟ್ಬ್ಯಾಡ ಕಣ್ಲಾ ಅಂತ. ಮಂಡಿ ಬಾಗ್ಲಾಕಿ ಬಂದು ಗ್ವಾಡೆ ತಟ್ಕೊಂಡ್ ಕೂರ್ತಾನೆ.”

ನೋಡಿ, ಪೇಟೆಬೀದಿಯೆಲ್ಲ ಏನೆಂದುಕೊಂಡಿತ್ತು, ನಡೆದದ್ದೇನು! ಬರಲು ಮನಸ್ಸಿಲ್ಲದೆ ನೆಪ ಹೇಳುತ್ತಾನೆ ಎಂದರು. ಕರೆತರುವ ಆತುರಕ್ಕೇ ಅವನು ಗೋಡೆಯನ್ನು ಒಣಗಲು ಬಿಟ್ಟಿರಲಿಲ್ಲ.

ನೀಲತ್ತೆ ಬಗ್ಗಿ ತೊಟ್ಟಿಲೊಳಗಿನ ಗಂಟು ಬಿಚ್ಚಿದಳು. ಬೆಲ್ಲದ ಉಂಡೆಗಳು.

“ಅದು ಶಾಂತಕುಮಾರಿ ತೂಕ,” ಎಂದ ಅವನು ಮೆಲ್ಲಗೆ. “ನಾಮಕರಣದ್ ದಿನ ಎತ್ಕೊಂಡಿದ್ನಲ್ಲ, ಕೈಗೆ ಗೊತ್ತಿತ್ತು. ಅಷ್ಟೇ ಕಟ್ಟಿ ತೂಗಾಕಿ ನೋಡ್ತಿದ್ದೆ. ಇದ್ನ ತಡುದ್ರೆ ಅವಳ್ನೂ ತಡೀತದೆ ಅಂತ.”

ನೀಲತ್ತೆಗೆ ಅಲ್ಲಿಯವರೆಗೆ ತಡೆದಿದ್ದ ಅಳು ಒಮ್ಮೆಲೇ ಬಂತು. ಸಿಟ್ಟೂ ಅದರ ಜೊತೆಗೇ ಬಂತು. “ಗ್ವಾಡೆ ಒಣಗೋ ತನ್ಕ ಮಗು ಬೆಳ್ಯೋದ್ ನಿಲ್ಲುಸ್ತದೇನ್ರೀ?” ಎಂದವಳೇ ಮಗುವನ್ನು ಅವನ ಕೈಗೆ ಹಾಕಿದಳು. “ಇಡ್ಕೊಳಿ. ಈಗ ಏಳಿ ತೂಕಾನ.”

ಸುತ್ತಿಗೆ ಕೆಳಗೆ ಬಿತ್ತು. ಪರಮಶಿವಯ್ಯ ಮಗುವನ್ನು ಎರಡೂ ಅಂಗೈಯಲ್ಲಿ ಹಿಡಿದ. ಅಂಗೈಯಲ್ಲಿ ಈಗ ಹಿಡಿಸಲಿಲ್ಲ, ಎದೆಗೆ ಒತ್ತಿಕೊಳ್ಳಬೇಕಾಯಿತು. ಶಾಂತಕುಮಾರಿ ಅಪ್ಪನ ಮೂಗಿನ ಮೇಲಿದ್ದ ಸುಣ್ಣವನ್ನು ಕುತೂಹಲದಿಂದ ನೋಡಿ, ಮೂಗನ್ನೇ ಹಿಡಿದು ಎಳೆದಳು.

“ಬೆಲ್ಲಕ್ಕಿಂತ ಬಾಳ ಬಾರ ಆಗವ್ಳೆ,” ಎಂದ. “ನಂಗೆ ಗೊತ್ತೇ ಆಗ್ಲಿಲ್ಲ ನೀಲಾ. ನಂಗೆ ಗೊತ್ತೇ ಆಗ್ಲಿಲ್ವಲ್ಲ.”

ತಾತ ಬೀದಿಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

“ನಾನಿನ್ ತವರಿಗ್ ಓಗಲ್ಲ,” ಎಂದಳು ನೀಲತ್ತೆ ಕಣ್ಣೊರೆಸಿಕೊಂಡು. “ಮಂಡಿ ಇಂದಿನ್ ಮನೇಲೇ ಇರ್ತೀವಿ.”

“ಅಲ್ಲಿ ಇರುವೆ…”

“ಇರುವೆ ಇದ್ರೆ ಇರ್ಲಿ. ಅರಿಸಿನ ಉದುರುಸ್ತೀನಿ. ನಿಮ್ ಗ್ವಾಡೆ ಅದ್ರ ಪಾಡಿಗ್ ಅದು ಒಣಗ್ಲಿ. ಆದ್ರೆ ಒಂದ್ ಮಾತು. ಈ ಸುತ್ತಿಗೆ ನನ್ ಅತ್ರ ಇರ್ತದೆ.”

ಸುತ್ತಿಗೆಯನ್ನು ಎತ್ತಿ ಸೆರಗಿನಡಿ ಇಟ್ಟುಕೊಂಡಳು. ಗೋಡೆ ಒಣಗುವುದು ಅವತ್ತೇ ಶುರುವಾಯಿತು ಎಂದು ಶಿವಗಂಗಮ್ಮ ಮಾತು ಮಾತಿಗೂ ಹೇಳುತ್ತಿದ್ದರು.

ಮಳೆ ನಿಂತಿತು. ಮನೆಯ ಬಾಗಿಲು ಕಿಟಕಿ ತೆರೆದಿಟ್ಟರು. ಪರಮಶಿವಯ್ಯ ದಿನಾ ಸಂಜೆ ಹೆಂಡತಿ ಮಗುವಿನೊಂದಿಗೆ ಬಂದು ಗೋಡೆ ನೋಡಿ ಹೋಗುತ್ತಿದ್ದ. ಮುಟ್ಟಿ ನೋಡಲಷ್ಟೇ ಅವನಿಗೆ ಅಪ್ಪಣೆ. ಕಪ್ಪಗಿದ್ದ ಗೋಡೆ ಬೂದುಬಣ್ಣವಾಯಿತು, ಬೂದು ಹೋಗಿ ಬೆಳ್ಳಗಾಯಿತು. ತೇಪೆ ಹಾಕಿದ ಜಾಗಗಳು ಎಲ್ಲಕ್ಕಿಂತ ಕಡೆಗೆ ಬೆಳ್ಳಗಾದವು. ದೀಪಾವಳಿ ಕಳೆದ ಮೇಲೊಂದು ದಿನ ಬೆರಳ ಗೆಣ್ಣಿನಿಂದ ಕುಟ್ಟಿದರೆ ಗೋಡೆ ಹೊಸ ಮಡಕೆಯ ಹಾಗೆ ಸದ್ದು ಕೊಟ್ಟಿತು. ನೀಲತ್ತೆ ಸುತ್ತಿಗೆಯನ್ನು ವಾಪಸು ಕೊಟ್ಟಳು.

ಕೊಂಡಿ ಎರಡೂ ಕಡೆ ಗಟ್ಟಿಯಾಗಿ ಕೂತವು. ಆದರೂ ಪರಮಶಿವಯ್ಯನಿಗೆ ಧೈರ್ಯ ಸಾಲದು. ಮಗುವನ್ನು ಎತ್ತಿ ಎತ್ತಿ ನೋಡಿ, ಅದರ ಎರಡರಷ್ಟು ಬೆಲ್ಲ ತೊಟ್ಟಿಲಿಗೆ ತುಂಬಿ, ಒಂದು ಹಗಲೆಲ್ಲ ತೂಗಿದ. ಬೀದಿಯವರು ಬಂದು ಬಾಗಿಲಲ್ಲಿ ನಿಂತು ನೋಡಿದರು. ಮಂಡಿಯವನು ಬೆಲ್ಲಕ್ಕೆ ಜೋಗುಳ ಹಾಡುತ್ತಾನೆ ಎಂದರು. ಅನ್ನಲಿ.

ಗೃಹಪ್ರವೇಶದ ದಿನ ಹೊಳೆನರಸೀಪುರದಿಂದ ತಾತ, ಅಜ್ಜಿ, ನಮ್ಮಪ್ಪ ಎಲ್ಲರೂ ಬಂದರು. ಬಂದದ್ದು ಕೆಂಪಣ್ಣನ ಗಾಡಿಯಲ್ಲೇ. ಅಯ್ಯನವರು ಪೂಜೆಗೆ ಅಣಿಮಾಡುತ್ತಿರುವಾಗ ಶಿವಗಂಗಮ್ಮ ನಡುಮನೆಯಲ್ಲಿ ಕೆಮ್ಮಣ್ಣು ಸಾರಿಸಿ, ಅಕ್ಕಿಹಿಟ್ಟಿನಲ್ಲಿ ಎಳೆ ಎಳೆಯಾಗಿ ರಂಗೋಲಿ ಬರೆದು, ಎರಡು ಮಣೆ ಹಾಕಿದರು. ನೀಲತ್ತೆ ಮದುವೆಯ ಸೀರೆ ಉಟ್ಟಿದ್ದಳು. ಪರಮಶಿವಯ್ಯ ಬಂದು ಪಕ್ಕದಲ್ಲಿ ಕೂತ. ಶಾಂತಕುಮಾರಿ ತೊಟ್ಟಿಲಲ್ಲಿ ಮಲಗಿ ಅಡ್ಡಬಿದಿರನ್ನು ನೋಡುತ್ತಿದ್ದಳು.

ಕಂಬದ ಹತ್ತಿರ ಕೂತಿದ್ದ ಕೆಂಪಣ್ಣನನ್ನು ತಾತ ಇಷ್ಟು ದಿನವೂ ಬೈಯುವುದು ಬಿಟ್ಟಿರಲಿಲ್ಲ. ಅವತ್ತೂ ಅವನ ಬಲಗಿವಿಯ ಹತ್ತಿರ ಬಗ್ಗಿ, “ಕಿವುಡ್ ಮುಂಡೇದೆ, ನಿನ್ನಿಂದ ನನ್ ಮಾನ ಓಗಿತ್ತಲ್ಲೋ!” ಎಂದು ಕೂಗಿದರು.

ಕೆಂಪಣ್ಣ ನೆಲದ ಮೇಲಿನ ರಂಗೋಲಿಯನ್ನೂ, ಮಣೆಗಳನ್ನೂ, ಅವುಗಳ ಮೇಲೆ ಕೂತಿದ್ದ ಗಂಡಹೆಂಡಿರನ್ನೂ ಒಂದು ಸಲ ನೋಡಿದ.

“ಯಾಕ್ ಸಾ? ಇನ್ನೊಂದ್ ಅಸೆ ಐತೆ ಅಂತ ತಾನೆ ನಾನ್ ಏಳಿದ್ದು? ಇಲ್ವಾ ಮತ್ತೆ?”

ಅಯ್ಯನವರೂ ಮಂತ್ರ ನಿಲ್ಲಿಸಿ ನಕ್ಕರು. ನೀಲತ್ತೆಗೆ ಅವತ್ತು ನಗು ಬಂತು. ಅಂದು ಹಸಿ ಗೋಡೆ ಮುಟ್ಟಿದಾಗ ಬಾರದೆ ಉಳಿದಿದ್ದ ನಗುವೂ ಸೇರಿ ಬಂತು.

ತೊಟ್ಟಿಲಲ್ಲಿ ತೂಗಿದ್ದ ಬೆಲ್ಲವನ್ನೆಲ್ಲ ಒಡೆದು ಪಾಯಸಕ್ಕೆ ಹಾಕಿದರು. ಎಲೆ ಹಾಕುವ ಗಡಿಬಿಡಿಯಲ್ಲಿ ನೀಲತ್ತೆ ಗಂಡನ ಹತ್ತಿರ ಬಂದು, “ಇನ್ ಮುಂದೆ ನಂಗೆ ಏನೇ ಏಳೋದಿದ್ರೂ ನೀವೇ ಬಂದ್ ಏಳ್ಬೇಕು,” ಎಂದಳು.

“ಎಲ್ಲಿಗ್ ಬರ್ಲಿ? ನೀನ್ ಇಲ್ಲೇ ಇದ್ದೀಯಲ್ಲ,” ಎಂದ ಪರಮಶಿವಯ್ಯ.

ಅವಳು ತೊಟ್ಟಿಲ ಹಗ್ಗವನ್ನು ಅವನ ಕೈಗೆ ಕೊಟ್ಟು ಪಾಯಸ ಬಡಿಸಲು ಹೋದಳು.